ಎಳೆಮಕ್ಕಳಿಗೆ ಫ್ಲೂ ಲಸಿಕೆ: ಎಷ್ಟು ರಕ್ಷಣೆ?

ಫ್ಲೂ ಲಸಿಕೆ ತಡೆಯುವುದು ಇನ್‌ಫ್ಲುಯೆಂಜಾ ವೈರಸ್‌ ತರುವ ಜ್ವರವನ್ನು ಮಾತ್ರ. ಮಳೆಗಾಲದಲ್ಲಿ ಮಕ್ಕಳನ್ನು ಕಾಡುವ ನೆಗಡಿ, ಕೆಮ್ಮು, ಎದೆಯ ಗೊರಗೊರಕ್ಕೆ ಆರ್‌ಎಸ್‌ವಿ, ರೈನೋ, ಅಡಿನೋ ಮುಂತಾದ ಬೇರೆ ವೈರಸ್‌ಗಳೂ ಕಾರಣ. ಅವುಗಳ ಮುಂದೆ ಈ ಲಸಿಕೆ ಕೆಲಸ ಮಾಡದು. ಲಸಿಕೆಯ ಬಗ್ಗೆ ಬೇಸರ ಹುಟ್ಟುವುದು ಇಲ್ಲೇ. ಕನಕಪುರದಲ್ಲಿ ಈ ಲೇಖಕಿಯ ಮಗುವಿಗೆ ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಿದ್ದರೂ ಶ್ರಾವಣದಲ್ಲಿ ಮೂಗು ಸೋರತೊಡಗಿತು. "ಅಷ್ಟು ದುಡ್ಡು ಕೊಟ್ಟು ಸೂಜಿ ಹಾಕ್ಸಿ ಏನ್ ಬಂತವ್ವ?" ಎಂದರು ಅತ್ತೆ. ಮಗು ಹಾಲು ಕುಡಿಯುತ್ತಿತ್ತು, ಆಡುತ್ತಿತ್ತು, ಮೈ ಬಿಸಿಯಿರಲಿಲ್ಲ. ಫ್ಲೂ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಮೈ ಕಾದು ಮಗು ಮಂಕಾಗಿ ಮಲಗಿಬಿಡುತ್ತದೆ.

ಅತ್ತೆಯ ಪ್ರಶ್ನೆಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಲ್ಲಿ ಉತ್ತರವಿದೆ. 2ರಿಂದ 16 ವರ್ಷದವರಲ್ಲಿ ಲಸಿಕೆಯಿಲ್ಲದ 100 ಮಕ್ಕಳ ಪೈಕಿ 30 ಮಂದಿಗೆ ಫ್ಲೂ ಬಂದರೆ, ಹಾಕಿಸಿಕೊಂಡವರಲ್ಲಿ 11 ಮಂದಿಗೆ ಬರುತ್ತದೆ. ಫ್ಲೂನಂತೆ ಕಾಣುವ ಎಲ್ಲ ಕಾಯಿಲೆಗಳನ್ನೂ ಸೇರಿಸಿ ಎಣಿಸಿದರೆ ಮಾತ್ರ ಇಳಿಕೆ 28ರಿಂದ 20ಕ್ಕೆ. ಮನೆಯವರ ಕಣ್ಣಿಗೆ ಬೀಳುವುದು ಈ ಎರಡನೆಯ ಲೆಕ್ಕ. 2 ವರ್ಷದೊಳಗಿನವರ ಬಗ್ಗೆ ಪುರಾವೆ ಇಷ್ಟು ಗಟ್ಟಿಯಾಗಿಲ್ಲ.

ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ರಕ್ಷಣೆಯೂ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 2009ರಿಂದ ನಡೆದ ಪ್ರಯೋಗದಲ್ಲಿ ಅದು ಮೊದಲ ವರ್ಷ ಸುಮಾರು ಶೇ. 26, ಎರಡನೆಯ ವರ್ಷ ಶೇ. 41, ಮೂರನೆಯ ವರ್ಷ ಶೇ. 74 ಇತ್ತು. ಇನ್ನು ಪ್ರಾಣಾಪಾಯದ ಮಾತು: ಅಮೆರಿಕದಲ್ಲಿ 2010ರಿಂದ 2014ರವರೆಗಿನ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ, ಬೇರೆ ಕಾಯಿಲೆಯಿಲ್ಲದ ಮಕ್ಕಳು ಫ್ಲೂನಿಂದ ಸಾಯುವ ಸಂಭವವನ್ನು ಲಸಿಕೆ ಶೇ. 65ರಷ್ಟು ತಗ್ಗಿಸಿತ್ತು. ಲಸಿಕೆ ಹಾಕಿಸಲು ಇದೊಂದೇ ಕಾರಣ ಸಾಕು.

6 ತಿಂಗಳು ತುಂಬಿದ ಮೇಲೆ ಲಸಿಕೆ ಹಾಕಿಸಬಹುದು. ಮೊದಲ ಸಲ ಹಾಕಿಸುವ ಎಳೆಮಕ್ಕಳಿಗೆ ನಾಲ್ಕು ವಾರ ಬಿಟ್ಟು ಎರಡನೆಯ ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಹಿಡಿಯುವುದರಿಂದ ಮಳೆಗಾಲಕ್ಕೆ ಮುಂಚೆ, ಏಪ್ರಿಲ್‌ನಲ್ಲೇ ಶುರುಮಾಡುವುದು ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಸಂಘ 5 ವರ್ಷದವರೆಗೆ ಪ್ರತಿವರ್ಷ ಈ ಲಸಿಕೆಯನ್ನು ಶಿಫಾರಸು ಮಾಡುತ್ತದೆ, ಆದರೆ ಸರ್ಕಾರದ ಉಚಿತ ಪಟ್ಟಿಯಲ್ಲಿ ಅದಿಲ್ಲ. ಲೇಖಕಿಯ ಮಗುವಿನ ಲಸಿಕೆಗಳನ್ನು ಗುರುತಿಸುವ ಸರ್ಕಾರಿ ‘ತಾಯಿ ಕಾರ್ಡ್’ನಲ್ಲಿ ಪೆಂಟಾ, ಪೋಲಿಯೊ, ದಡಾರಕ್ಕೆಲ್ಲ ಚೌಕಗಳಿದ್ದವು. ಫ್ಲೂ ತಾರೀಕನ್ನು ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಳ್ಳಬೇಕಾಯಿತು. ಹೀಗಿರುವಾಗ ಎರಡನೆಯ ಡೋಸ್ ತಪ್ಪುವುದು ಸುಲಭ. ರೇಷ್ಮೆ ಹುಳು ಮನೆಯಲ್ಲಿ, ಹೊಲದಲ್ಲಿ ಕೂಲಿ ಮಾಡುವ ತಾಯಂದಿರ ಮಕ್ಕಳಿಗೆ ಈ ಲಸಿಕೆ ದುಡ್ಡಿದ್ದರೆ ಮಾತ್ರ ಸಿಗುವಂತಿರುವುದು ಸರಿಯಲ್ಲ.

6 ತಿಂಗಳೊಳಗಿನ ಕೂಸಿಗೆ ಲಸಿಕೆಯೇ ಇಲ್ಲ. ಬಸುರಿಯಾಗಿದ್ದಾಗಲೇ ತಾಯಿ ಹಾಕಿಸಿಕೊಂಡರೆ ಆಕೆಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸನ್ನು ಸೇರಿ ಮೊದಲ ತಿಂಗಳುಗಳಲ್ಲಿ ಕಾಯುತ್ತವೆ. ಹಾರೋಹಳ್ಳಿಯ ಕಾರ್ಖಾನೆಗೋ ಬೆಂಗಳೂರಿಗೋ ಬಸ್ಸಿನಲ್ಲಿ ಹೋಗಿಬರುವ ಅಪ್ಪ, ಅಂಗನವಾಡಿಗೆ ಹೋಗುವ ಅಕ್ಕ ಕೂಡ ಹಾಕಿಸಿಕೊಂಡರೆ ವೈರಸ್ ಮನೆಯೊಳಗೆ ಬರುವ ಸಾಧ್ಯತೆ ಇನ್ನಷ್ಟು ಕಡಿಮೆಯಾಗುತ್ತದೆ.