ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಏಕೆ ಕೈಕೊಡುತ್ತದೆ? ದೋಷ ಹುಡುಕುವ ಕ್ರಮ



ಗೇಮ್ ಇನ್ನಷ್ಟು ವೇಗವಾಗಿ ಓಡಲಿ ಎಂದು ಪ್ರೊಸೆಸರ್‌ನ ವೇಗವನ್ನು ಕಂಪನಿ ನಿಗದಿಪಡಿಸಿದ ಮಟ್ಟಕ್ಕಿಂತ ಏರಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಮೊದಲ ದಿನ ಎಲ್ಲವೂ ಚೆನ್ನಾಗಿರುತ್ತದೆ. ನಂತರ ಒಂದು ದಿನ ಗೇಮ್ ನಡುವೆ ಪರದೆ ನೀಲಿಯಾಗುತ್ತದೆ, ಇಲ್ಲವೇ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಆಗ ಹೆಚ್ಚಿನವರು ಸಿಕ್ಕ ಸಿಕ್ಕ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸಿ ಸಮಸ್ಯೆಯನ್ನು ಇನ್ನಷ್ಟು ಜಟಿಲ ಮಾಡಿಕೊಳ್ಳುತ್ತಾರೆ. ಈ ದೋಷವನ್ನು ಕ್ರಮಬದ್ಧವಾಗಿ ಹುಡುಕುವುದು ಹೇಗೆ? ಅದಕ್ಕೆ ಬೇಕಾದ ವಿಜ್ಞಾನ ನಿಮ್ಮ ಪಿಯುಸಿ ಪಠ್ಯದಲ್ಲೇ ಇದೆ.

ವೇಗ ಎಲ್ಲಿಂದ ಬರುತ್ತದೆ?

2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಮೂಲ ಗಡಿಯಾರ 100 ಮೆಗಾಹರ್ಟ್ಸ್, ಗುಣಕ 33. ಎರಡನ್ನೂ ಗುಣಿಸಿದರೆ 3.3 ಗಿಗಾಹರ್ಟ್ಸ್. ಹೆಸರಿನ ಕೊನೆಯ ‘ಕೆ’ ಅಕ್ಷರದ ಅರ್ಥ, ಇದರ ಗುಣಕಕ್ಕೆ ಬೀಗ ಹಾಕಿಲ್ಲ ಎಂದು. ತಕ್ಕ ಮದರ್‌ಬೋರ್ಡ್ ಇದ್ದರೆ ಗುಣಕವನ್ನು 45ಕ್ಕೆ ಏರಿಸಿ 4.5 ಗಿಗಾಹರ್ಟ್ಸ್ ಪಡೆಯಲು ಪ್ರಯತ್ನಿಸಬಹುದು.

ಆದರೆ 3.3 ಗಿಗಾಹರ್ಟ್ಸ್‌ನಲ್ಲಿ ಗಡಿಯಾರದ ಒಂದು ಬಡಿತಕ್ಕೆ ಸುಮಾರು 303 ಪಿಕೋಸೆಕೆಂಡ್ ಸಿಗುತ್ತದೆ; 4.5ರಲ್ಲಿ ಕೇವಲ 222. ಇಷ್ಟರೊಳಗೆ ಒಂದು ಫ್ಲಿಪ್-ಫ್ಲಾಪ್‌ನಿಂದ ಹೊರಟ ಸಂಕೇತ ಹಲವು ಲಾಜಿಕ್ ಗೇಟ್‌ಗಳನ್ನು ದಾಟಿ ಮುಂದಿನ ಫ್ಲಿಪ್-ಫ್ಲಾಪ್ ತಲುಪಬೇಕು. ತಡವಾದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ಅಸ್ಥಿರತೆಯ ಮೂಲ ಇದೇ. ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರ್‌ಗಳು ಬೇಗ ಸ್ವಿಚ್ ಆಗುವುದರಿಂದ ಸಂಕೇತ ಸಮಯಕ್ಕೆ ತಲುಪುತ್ತದೆ. ಆದರೆ ಅದಕ್ಕೂ ಬೆಲೆ ಇದೆ.

ಶಾಖದ ಲೆಕ್ಕ

ಧಾರಕದಲ್ಲಿ ಸಂಗ್ರಹವಾಗುವ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಟ್ರಾನ್ಸಿಸ್ಟರ್‌ನ ಗೇಟ್ ಒಂದು ಪುಟ್ಟ ಧಾರಕದಂತೆ. ಅದು ಪದೇ ಪದೇ ತುಂಬಿ ಖಾಲಿಯಾಗುವುದರಿಂದ, ಪ್ರೊಸೆಸರ್ ಬಳಸುವ ಪವರ್ ಸ್ಥೂಲವಾಗಿ ಹೀಗಿರುತ್ತದೆ:

ಪವರ್ ∝ ಧಾರಕತೆ × (ವೋಲ್ಟೇಜ್)² × ಆವೃತ್ತಿ

ವೋಲ್ಟೇಜ್ 1.20ರಿಂದ 1.35ಕ್ಕೆ, ಆವೃತ್ತಿ 3.3ರಿಂದ 4.5ಕ್ಕೆ ಏರಿತು ಎನ್ನೋಣ. ವೋಲ್ಟೇಜ್ ಅನುಪಾತದ ವರ್ಗ 1.27, ಆವೃತ್ತಿಯ ಅನುಪಾತ 1.36. ಗುಣಲಬ್ಧ ಸುಮಾರು 1.73. ಅಂದರೆ ವೇಗ ಹೆಚ್ಚಿದ್ದು ಶೇ. 36, ಪವರ್ ಹೆಚ್ಚಿದ್ದು ಶೇ. 73! ಮೊದಲು 80 ವ್ಯಾಟ್ ಬಳಸುತ್ತಿದ್ದರೆ ಈಗ 138 ವ್ಯಾಟ್.

ಕೂಲರ್ ಪ್ರತಿ ವ್ಯಾಟ್‌ಗೆ 0.5 ಡಿಗ್ರಿ ಸೆಲ್ಸಿಯಸ್ ಏರಿಕೆ ಬಿಡುತ್ತದೆ ಎಂದುಕೊಳ್ಳಿ. 138 ವ್ಯಾಟ್‌ಗೆ 69 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಣೆಯ ಉಷ್ಣತೆ 34 ಡಿಗ್ರಿ ಇದ್ದರೆ ಪ್ರೊಸೆಸರ್ 103ಕ್ಕೆ ಹೋಗಬೇಕು. ಆದರೆ ಸಾಮಾನ್ಯವಾಗಿ 100ರ ಆಸುಪಾಸಿನಲ್ಲೇ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಇಷ್ಟೆಲ್ಲ ಏರಿಸಿ ಕೊನೆಗೆ ಸಿಕ್ಕಿದ್ದು ನಿಧಾನಗತಿ! ತಂಪಾದ ರಾತ್ರಿ ಸರಿಯಾಗಿ ಓಡಿದ ಕಂಪ್ಯೂಟರ್ ಮಧ್ಯಾಹ್ನ ಕೈಕೊಡುವುದು ಏಕೆಂದು ಈಗ ಅರ್ಥವಾಗಿರಬೇಕು.

ದೋಷ ಹುಡುಕುವ ಹಂತಗಳು

1. ಮೊದಲು ಬ್ಯಾಕಪ್. ತಪ್ಪು ಲೆಕ್ಕ ಮಾಡುವ ಪ್ರೊಸೆಸರ್ ಹಾರ್ಡ್‌ಡಿಸ್ಕ್‌ಗೆ ತಪ್ಪು ಮಾಹಿತಿಯನ್ನೇ ಬರೆಯಬಹುದು. ಪ್ರಾಜೆಕ್ಟ್, ನೋಟ್ಸ್, ಮನೆಯವರ ಫೋಟೋ ಎಲ್ಲವನ್ನೂ ಬೇರೆ ಡ್ರೈವ್‌ಗೆ ನಕಲು ಮಾಡಿ, ಆ ಡ್ರೈವನ್ನು ಕಳಚಿಡಿ.

2. ಮೂಲಸ್ಥಿತಿಗೆ ಮರಳಿ. ಬಯೋಸ್‌ನಲ್ಲಿ ಡಿಫಾಲ್ಟ್ ಸೆಟ್ಟಿಂಗ್ ಲೋಡ್ ಮಾಡಿ. ಕಂಪ್ಯೂಟರ್ ಬೂಟ್ ಆಗದಿದ್ದರೆ ವಿದ್ಯುತ್ ಸಂಪರ್ಕ ತೆಗೆದು, ಮದರ್‌ಬೋರ್ಡ್ ಕೈಪಿಡಿಯಲ್ಲಿ ಹೇಳಿದಂತೆ ಸಿಮಾಸ್ ಕ್ಲಿಯರ್ ಮಾಡಿ. ಮೂಲಸ್ಥಿತಿಯಲ್ಲೂ ಕ್ರ್ಯಾಶ್ ಆಗುತ್ತಿದ್ದರೆ ತಪ್ಪು ಓವರ್‌ಕ್ಲಾಕ್‌ನದ್ದಷ್ಟೇ ಅಲ್ಲ. ಧೂಳು ತುಂಬಿದ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್, ದುರ್ಬಲ ಪವರ್ ಸಪ್ಲೈ, ಡ್ರೈವರ್ ಇವುಗಳನ್ನು ನೋಡಿ.

3. ಮೆಮೊರಿಯನ್ನು ಬೇರ್ಪಡಿಸಿ. ಎಕ್ಸ್‌ಎಂಪಿ ಆನ್ ಮಾಡಿದಾಗ ರ‍್ಯಾಮ್ ಕೂಡ ಓವರ್‌ಕ್ಲಾಕ್ ಆದಂತೆಯೇ. ಅದನ್ನು ಆಫ್ ಮಾಡಿ, ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

4. ಕುರುಹುಗಳನ್ನು ಓದಿ. ನೀಲಿ ಪರದೆಯ ಕೋಡ್ ಬರೆದಿಟ್ಟುಕೊಳ್ಳಿ. ಅದು ನೀವು ಕಲಿತ ಹೆಕ್ಸಾಡೆಸಿಮಲ್ ಸಂಖ್ಯೆ. 124 ಎಂದರೆ ಹಾರ್ಡ್‌ವೇರ್ ತಾನೇ ವರದಿ ಮಾಡಿದ, ಸರಿಪಡಿಸಲಾಗದ ದೋಷ. 101 ಎಂದರೆ ಒಂದು ಕೋರ್ ಸಮಯಕ್ಕೆ ಪ್ರತಿಕ್ರಿಯಿಸಿಲ್ಲ. ಓವರ್‌ಕ್ಲಾಕ್ ಮಾಡಿದ ಯಂತ್ರದಲ್ಲಿ ಇವೆರಡೂ ಆ ವೇಗಕ್ಕೆ ವೋಲ್ಟೇಜ್ ಸಾಲದು ಎಂಬ ಅನುಮಾನ ಹುಟ್ಟಿಸುತ್ತವೆ. 1ಎ ಬಂದರೆ ಮೊದಲು ಮೆಮೊರಿ ನೋಡಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡರೆ ಗಾಬರಿ ಬೇಡ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ.

5. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಯೋಗಾಲಯದಲ್ಲಿ ಪಾಲಿಸುವ ನಿಯಮ ಇಲ್ಲಿಯೂ ಅನ್ವಯ. ಗುಣಕ 33ರಲ್ಲಿ ಸ್ಥಿರ, 45ರಲ್ಲಿ ಅಸ್ಥಿರ ಎಂದು ಗೊತ್ತಿದೆ. ಒಂದೊಂದೇ ಹೆಜ್ಜೆ ಇಳಿಯುವ ಬದಲು ಬೈನರಿ ಸರ್ಚ್ ಬಳಸಿ. ನಡುವಿನ 39 ಪಾಸಾಯಿತೇ? 42 ಪರೀಕ್ಷಿಸಿ. ಅದು ಫೇಲಾಯಿತೇ? 40 ನೋಡಿ, ಪಾಸಾದರೆ 41. ಹೆಚ್ಚೆಂದರೆ ನಾಲ್ಕು ಪರೀಕ್ಷೆಗಳಲ್ಲಿ ಗಡಿ ಸಿಗುತ್ತದೆ. ಪ್ರತಿ ಸಲವೂ ಗುಣಕ, ವೋಲ್ಟೇಜ್, ಗರಿಷ್ಠ ಉಷ್ಣತೆ, ಕೋಣೆಯ ಉಷ್ಣತೆ, ಫಲಿತಾಂಶ ಈ ಐದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

6. ವೋಲ್ಟೇಜ್ ಕೊನೆಯ ಅಸ್ತ್ರ. ಏರಿಸಲೇಬೇಕಿದ್ದರೆ 0.01ರಿಂದ 0.02 ವೋಲ್ಟ್‌ನ ಪುಟ್ಟ ಹೆಜ್ಜೆ ಇಡಿ. ತಯಾರಕರು ಹೇಳಿದ ಮಿತಿ ದಾಟಬೇಡಿ. ಉಷ್ಣತೆ ಮಿತಿ ಮುಟ್ಟುತ್ತಿದ್ದರೆ ವೋಲ್ಟೇಜ್ ಏರಿಸಿ ಪ್ರಯೋಜನವಿಲ್ಲ, ಗುಣಕ ಇಳಿಸುವುದೇ ದಾರಿ. ಕೆಲಸದ ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದು ಸಹಜ. ಆದ್ದರಿಂದ ಬಯೋಸ್‌ನಲ್ಲಿ ಕಾಣುವ ಅಂಕಿಯನ್ನು ನಂಬದೆ, ಪರೀಕ್ಷೆ ನಡೆಯುವಾಗಿನ ಅಂಕಿಯನ್ನು ಎಚ್‌ಡಬ್ಲ್ಯುಇನ್ಫೋದಂಥ ತಂತ್ರಾಂಶದಲ್ಲಿ ನೋಡಿ.

ಪಾಸಾದರೆ ಸಾಕೇ?

ಪರೀಕ್ಷೆಗೆ ಬಹಳ ಮಂದಿ ಬಳಸುವ ತಂತ್ರಾಂಶ ಪ್ರೈಮ್95. ದೊಡ್ಡ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಯೋಜನೆಯ ತಂತ್ರಾಂಶವಿದು. ಇಂಥ ಹುಡುಕಾಟದಲ್ಲಿ ದೀರ್ಘ ಲೆಕ್ಕದ ನಡುವೆ ಒಂದು ಬಿಟ್ ತಪ್ಪಿದರೂ ಅಷ್ಟು ದಿನಗಳ ಶ್ರಮ ವ್ಯರ್ಥ. ಆದ್ದರಿಂದ ಇದರ ಪರೀಕ್ಷಾ ವಿಧಾನ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರ್‌ಗೆ ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುತ್ತದೆ. ಕಂಪ್ಯೂಟರ್ ನಿಲ್ಲದೆ ಓಡುತ್ತಿದ್ದರೂ ಉತ್ತರ ತಪ್ಪಿದರೆ ಅದು ಫೇಲ್.

ನಾವು ಗಮನಿಸಬೇಕಾದದ್ದು ಇದನ್ನೇ. ನೀಲಿ ಪರದೆ ತೋರಿಸಿ ನಿಲ್ಲುವ ಕಂಪ್ಯೂಟರ್ ಕನಿಷ್ಠ ಪಕ್ಷ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ. ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವ ಕಂಪ್ಯೂಟರ್ ಹೆಚ್ಚು ಅಪಾಯಕಾರಿ. ಅದೇ ಯಂತ್ರದಲ್ಲಿ ತಂಗಿಯ ಆನ್‌ಲೈನ್ ತರಗತಿ, ತಂದೆಯ ಅಂಗಡಿಯ ಲೆಕ್ಕ, ನಿಮ್ಮ ಸಿಇಟಿ ಅರ್ಜಿ ಇರುವಾಗ ‘ಗೇಮ್ ಓಡುತ್ತಿದೆಯಲ್ಲ’ ಎಂಬ ಸಮಾಧಾನ ಸಾಲದು.

ಇನ್ನೊಂದು ತರ್ಕವನ್ನೂ ನೆನಪಿಡಿ: ಒಂದು ಸಲ ಫೇಲಾದರೆ ಅಸ್ಥಿರತೆ ಸಾಬೀತಾದಂತೆ, ಒಂದು ಸಲ ಪಾಸಾದರೆ ಸ್ಥಿರತೆ ಸಾಬೀತಾಗುವುದಿಲ್ಲ. ಹಾಗಾಗಿ ಕೆಲವು ಗಂಟೆಗಳ ಕಾಲ, ಮನೆಯ ಅತಿ ಬಿಸಿ ಹೊತ್ತಿನಲ್ಲಿ, ಉಷ್ಣತೆಯ ಮೇಲೆ ಕಣ್ಣಿಟ್ಟು ಪರೀಕ್ಷಿಸಿ. ಸುಮ್ಮನೆ ಬಿಟ್ಟಾಗಲೂ ಕ್ರ್ಯಾಶ್ ಆಗುತ್ತದೆಯೇ ನೋಡಿ. ಕಡಿಮೆ ಹೊರೆಯಲ್ಲಿ ವೋಲ್ಟೇಜ್ ಅತಿಯಾಗಿ ಇಳಿದರೂ ಸಮಸ್ಯೆ ಬರುತ್ತದೆ. ಪಾಸಾದ ಕೊನೆಯ ಮಟ್ಟಕ್ಕಿಂತ ಒಂದು ಹೆಜ್ಜೆ ಕೆಳಗೆ ನಿಲ್ಲುವುದು ಜಾಣತನ.

ಹೆಚ್ಚಿನ ವೋಲ್ಟೇಜ್‌ನ ಹಾನಿ ಊಹೆಯಲ್ಲ. 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕಂಡ ಅಸ್ಥಿರತೆಗೆ ಅತಿಯಾದ ವೋಲ್ಟೇಜ್ ಕಾರಣವೆಂದು ತಿಳಿಸಿ, ಮೈಕ್ರೋಕೋಡ್ ತಿದ್ದುಪಡಿ ನೀಡಿತು. ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಆದರೆ ಆಗಲೇ ಹಾಳಾದ ಚಿಪ್‌ಗಳನ್ನು ಆ ತಿದ್ದುಪಡಿಯಿಂದ ಸರಿಪಡಿಸಲಾಗಲಿಲ್ಲ. ಸಿಲಿಕಾನ್ ಸವೆದರೆ ಮರಳಿ ಬಾರದು.

ನಮ್ಮ ಉದಾಹರಣೆಯಲ್ಲಿ 4.0 ಗಿಗಾಹರ್ಟ್ಸ್, 1.25 ವೋಲ್ಟ್‌ಗೆ ತೃಪ್ತರಾದರೆ ಪವರ್ 105 ವ್ಯಾಟ್; ಅದೇ ಬಿಸಿ ಮಧ್ಯಾಹ್ನ ಪ್ರೊಸೆಸರ್ ಸುಮಾರು 87 ಡಿಗ್ರಿ. ವೇಗದಲ್ಲಿ ಶೇ. 21ರಷ್ಟು ಲಾಭ, ಜೊತೆಗೆ ಮನೆಯವರೆಲ್ಲ ನಂಬಬಹುದಾದ ಕಂಪ್ಯೂಟರ್.

ಅಭ್ಯಾಸಕ್ಕೆ

1. ಹೆಕ್ಸಾಡೆಸಿಮಲ್ 124 ಅನ್ನು ದಶಮಾಂಶ ಪದ್ಧತಿಗೆ ಪರಿವರ್ತಿಸಿ.
2. ಮೇಲಿನ ಉದಾಹರಣೆಯಲ್ಲಿ 4.2 ಗಿಗಾಹರ್ಟ್ಸ್, 1.28 ವೋಲ್ಟ್ ಇದ್ದರೆ ಪವರ್ ಎಷ್ಟು? ಕೋಣೆ 30 ಡಿಗ್ರಿ ಇದ್ದರೆ ಪ್ರೊಸೆಸರ್‌ನ ಉಷ್ಣತೆ ಎಷ್ಟು?

ಉತ್ತರ: 1) 292. 2) ಸುಮಾರು 116 ವ್ಯಾಟ್, ಸುಮಾರು 88 ಡಿಗ್ರಿ ಸೆಲ್ಸಿಯಸ್.