ನಿಂತ ನೀರು
ಕಪಿಲಾ ನದಿಯ ನೆರೆ ಬೇಗ ಇಳಿದರೆ ಪೈರು ಉಳಿಯುವುದು, ನಿಂತರೆ ಕೊಳೆಯುವುದು. ನಂಜನಗೂಡು, ತಿರುಮಕೂಡಲು ನರಸೀಪುರಗಳ ರೈತರು ಇದನ್ನು ಬಲ್ಲರು. ನಮ್ಮ ದೇಹದ ರೀತಿಯೂ ಹೀಗೆಯೇ.

ಭಯವುಂಟಾದಾಗ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸಿ, ಅಪಾಯವನ್ನು ಎದುರಿಸಲು ಶಕ್ತಿ ನೀಡುತ್ತದೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಮನೆ ತೊರೆದು ಓಡಿದವರಿಗೆ ಒದಗಿದುದು ಈ ಶಕ್ತಿಯೇ. ಆದರೆ ನೀರಿಳಿದ ಮೇಲೂ ಸಾಲದ ಚಿಂತೆ ತಿಂಗಳುಗಟ್ಟಲೆ ಕಾಡಿದರೆ? ಆಗ ಕಾರ್ಟಿಸಾಲ್ ಇಳಿಯದೆ, ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳ ಬಲವನ್ನೇ ಕುಗ್ಗಿಸಬಲ್ಲುದು.

ಅಮೆರಿಕದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳ ಬಾಯಿಯ ಸಣ್ಣ ಗಾಯ ಮಾಯಲು ರಜೆಗಿಂತ ಪರೀಕ್ಷೆಯ ದಿನಗಳಲ್ಲಿ ಶೇಕಡಾ 40ರಷ್ಟು ಹೆಚ್ಚು ಕಾಲ ಹಿಡಿಯಿತು.

ಸಾಕಷ್ಟು ನಿದ್ರೆ, ಆಟ, ಆತ್ಮೀಯರೊಡನೆ ಮನಬಿಚ್ಚಿದ ಮಾತು: ಇವೇ ಚಿಂತೆಯ ನೀರು ಹರಿದುಹೋಗಲು ನಾವು ತೋಡಬೇಕಾದ ಕಾಲುವೆಗಳು.