ಇನ್ಸುಲಿನ್ ಮತ್ತು ನಮ್ಮ ತೂಕದ ಲೆಕ್ಕ

"ಅನ್ನ, ರೊಟ್ಟಿ ಬಿಡಿ. ಇನ್ಸುಲಿನ್ ಇಳಿಯುತ್ತದೆ, ಕೊಬ್ಬು ತಾನಾಗಿ ಕರಗುತ್ತದೆ." ಇಂಥ ಮಾತನ್ನು ಮೊಬೈಲ್ ವಿಡಿಯೋಗಳಲ್ಲಿ ನೀವೂ ಕೇಳಿರುತ್ತೀರಿ. ಇದರಲ್ಲಿ ನಿಜವೆಷ್ಟು? ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಾಗಿ ಅಕೌಂಟೆನ್ಸಿಯ ಭಾಷೆಯಲ್ಲೇ ಹೇಳುತ್ತೇನೆ.

ಇನ್ಸುಲಿನ್ ಮಾಡುವ ಕೆಲಸ

ಊಟವಾದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ರಕ್ತದ ಗ್ಲೂಕೋಸ್ ಅನ್ನು ಗಲ್ಲಾದಲ್ಲಿರುವ ನಗದು ಎಂದುಕೊಳ್ಳಿ. ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೋಜನ್ ಕರೆಂಟ್ ಅಕೌಂಟ್. ಕೊಬ್ಬು ಫಿಕ್ಸೆಡ್ ಡಿಪಾಸಿಟ್. ಇನ್ಸುಲಿನ್ ನಗದನ್ನು ಖಾತೆಗೆ ಜಮಾ ಮಾಡುವ ಗುಮಾಸ್ತ. ಜಮಾ ನಡೆಯುವಾಗ ಅವನು ಡಿಪಾಸಿಟ್ ಮುರಿಯಲು ಬಿಡುವುದಿಲ್ಲ. ರಾತ್ರಿ ಮಲಗಿದಾಗ, ರೋಜಾ ಇರುವಾಗ ಇನ್ಸುಲಿನ್ ಇಳಿಯುತ್ತದೆ. ಆಗ ಕೊಬ್ಬು ಹೊರಬಂದು ಖರ್ಚಾಗುತ್ತದೆ.

ವಿಡಿಯೋದವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ವರ್ಷದ ಕೊನೆಗೆ ಬ್ಯಾಲೆನ್ಸ್ ಎಷ್ಟು ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಗುಮಾಸ್ತನಲ್ಲ, ಒಟ್ಟು ಜಮಾ-ಖರ್ಚು. ಹಗಲೆಲ್ಲ ರೋಜಾ ಇದ್ದರೂ ಇಫ್ತಾರ್‌ನಲ್ಲಿ ಸಮೋಸಾ, ಶರಬತ್ತು ಹೆಚ್ಚಾದರೆ ಈದ್ ಹೊತ್ತಿಗೆ ತೂಕ ಇಳಿದಿರುವುದಿಲ್ಲ. ಕಾರಣ ಇದೇ.

ಪ್ರಯೋಗಗಳು ಹೇಳಿದ್ದು

2015ರಲ್ಲಿ ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು ಬೊಜ್ಜಿರುವ 19 ಜನರ ಅಧ್ಯಯನ ಪ್ರಕಟಿಸಿದರು. ಒಮ್ಮೆ ಪಿಷ್ಟ-ಸಕ್ಕರೆ, ಇನ್ನೊಮ್ಮೆ ಕೊಬ್ಬು ಕಡಿಮೆ ಮಾಡಿ, ಎರಡು ಸಲವೂ ಶೇ. 30ರಷ್ಟು ಕ್ಯಾಲೊರಿ ಇಳಿಸಿದರು. ಇನ್ಸುಲಿನ್ ಇಳಿದದ್ದು ಮೊದಲ ಸಲ ಮಾತ್ರ. ಆದರೆ ದೇಹದ ಕೊಬ್ಬು ಆಗ ದಿನಕ್ಕೆ 53 ಗ್ರಾಂ ಕರಗಿದರೆ, ಎರಡನೆಯ ಸಲ 89 ಗ್ರಾಂ ಕರಗಿತು.

ಅದು ಕೆಲವೇ ದಿನಗಳ ಪ್ರಯೋಗ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು 12 ತಿಂಗಳು ಗಮನಿಸಿದ ಫಲಿತಾಂಶ ಬಂತು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕೆ.ಜಿ., ಪಿಷ್ಟ ಕಡಿಮೆ ತಿಂದವರು 6.0 ಕೆ.ಜಿ. ಇಳಿದರು. ಇದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಯಾರಿಗೆ ಯಾವ ಆಹಾರ ಒಗ್ಗುತ್ತದೆ ಎಂಬುದನ್ನು ಅವರ ಇನ್ಸುಲಿನ್ ಪ್ರಮಾಣವೂ ಮೊದಲೇ ಹೇಳಲಿಲ್ಲ.

ಟೋಟಲ್ ಒಂದೇ, ಒಳಗಿನ ಲೆಕ್ಕ ಬೇರೆ

ತೂಕದ ಯಂತ್ರ ಟೋಟಲ್ ಮಾತ್ರ ತೋರಿಸುತ್ತದೆ. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಎಂದು ಹೇಳುವುದಿಲ್ಲ. ಅನ್ನ ಬಿಟ್ಟ ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ಗ್ಲೈಕೋಜನ್ ಜೊತೆಗಿದ್ದ ನೀರು.

2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯಡ್ಕಿನ್ ತಮ್ಮಿಬ್ಬರ ದೇಹವನ್ನೇ ಹೋಲಿಸಿ ಬರೆದರು. ಇಬ್ಬರ ಬಿ.ಎಂ.ಐ. ಕೂಡ 22.3. ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ನಮ್ಮ ದೇಶದಲ್ಲಿ ಸಣ್ಣಗೆ ಕಾಣುವವರಿಗೂ ಸಕ್ಕರೆ ಕಾಯಿಲೆ ಬರಲು ಇದೊಂದು ಕಾರಣ. ಹೊಟ್ಟೆಯೊಳಗೆ ಕೊಬ್ಬು ಹೆಚ್ಚಾದಂತೆ ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ.

ಇಂಜೆಕ್ಷನ್ ಬಿಡಬಹುದೇ?

ಇದು ನಮ್ಮ ಮನೆಯಲ್ಲೇ ಎದ್ದ ಪ್ರಶ್ನೆ. ನಮ್ಮ ಖಾಲಾ ಸಕ್ಕರೆ ಕಾಯಿಲೆಯಿಂದ ಇಳಿದು ಹೋಗಿದ್ದರು. ನೆಂಟರೆಲ್ಲ "ಮಾಷಾಅಲ್ಲಾ, ಸಣ್ಣ ಆಗಿದ್ದೀರಿ" ಎಂದರು. ಇಂಜೆಕ್ಷನ್ ಶುರುವಾದ ಮೇಲೆ ನಾಲ್ಕು ಕೆ.ಜಿ. ಏರಿತು. "ಈ ಸೂಜಿಯೇ ದಪ್ಪ ಮಾಡುತ್ತಿದೆ, ಬಿಟ್ಟುಬಿಡುತ್ತೇನೆ" ಎಂದು ಹಟ ಹಿಡಿದರು.

ಡಾಕ್ಟರ್ ವಿವರಿಸಿದ ಮೇಲೆ ಅರ್ಥವಾಯಿತು. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರದಲ್ಲಿ ಸೋರಿಹೋಗುತ್ತದೆ. ಗುಮಾಸ್ತನಿಲ್ಲದ ಅಂಗಡಿಯ ಹಾಗೆ ಬಂಡವಾಳವೇ ಕರಗುತ್ತದೆ: ಕೊಬ್ಬಿನ ಜೊತೆ ಸ್ನಾಯುವೂ. ಇಂಜೆಕ್ಷನ್ ಆ ಸೋರಿಕೆ ನಿಲ್ಲಿಸಿತು, ಅದಕ್ಕೇ ತೂಕ ಏರಿತು. ಈಗ ಖಾಲಾ ಡೋಸ್ ತಪ್ಪಿಸುವುದಿಲ್ಲ. ಡಾಕ್ಟರ್ ಹೇಳಿದಂತೆ ಅನ್ನ ಅಳತೆಯಲ್ಲಿ ತಿಂದು, ಊಟದ ನಂತರ ನಡೆಯುತ್ತಾರೆ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ.

ನಿಮ್ಮ ಮನೆಯಲ್ಲೂ ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಹೇಳಿ. ತೂಕ ಇಳಿಸಲೆಂದು ಅದನ್ನು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಹಾಗೆಯೇ ಮನೆಯಲ್ಲಿ ಟೈಲರ್ ಟೇಪ್ ಇದ್ದರೆ ಎಲ್ಲರ ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ, ತೂಕ ಎಷ್ಟೇ ಇರಲಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.